ಮೂರನೇ ಸಿಲಿಂಡರ್ ನಿಜವಾಗ್ಲೂ ತಣ್ಣಗಿತ್ತಾ? ಕಾಫಿ ಕಣದಲ್ಲಿ ಒಂದು ವೈರಿಂಗ್ ಪ್ರಕರಣ

ಬಾವನ ಫೋನ್ ಬಂದಾಗ ರಾತ್ರಿ ಒಂಬತ್ತು ಗಂಟೆ. ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅನ್ನುವಂಥ ದನಿ.

"ನಾಳೆ ಬೆಳಿಗ್ಗೆ ಬಾ. ಮೀಟರ್ ತರೋಕೆ ಮರೀಬೇಡ. ಮೂರನೇ ಸಿಲಿಂಡರ್ ತಣ್ಣಗಿದೆ, ಇವತ್ತು ಆಯಿಲ್ ಪ್ರೆಶರೂ ಬಿತ್ತು. ಇಂಜಿನ್ ಹೋಯ್ತು ಅನ್ಸುತ್ತೆ."

ಬಾವನಿಗೆ ಪೊನ್ನಂಪೇಟೆ ಕಡೆ ತೋಟ ಇದೆ. ತೋಟದ ಗೋದಾಮಿನಲ್ಲಿ ನಾಲ್ಕು ವರ್ಷದಿಂದ ಎರಡು ಸೀಟಿನ ಒಂದು ಕಿಟ್ ವಿಮಾನ ಜೋಡಿಸುತ್ತಿದ್ದಾರೆ. ಒಂದು ಕಡೆ ಕಾಫಿ ಮೂಟೆ, ಇನ್ನೊಂದು ಕಡೆ ರೆಕ್ಕೆ. ಈ ಹುಚ್ಚು ಯಾಕೆ ಅಂತ ಕೇಳಿದರೆ ಅವರು ಅಜ್ಜಮಾಡ ದೇವಯ್ಯನವರ ಕಥೆ ಶುರು ಮಾಡುತ್ತಾರೆ. 1965ರ ಯುದ್ಧದಲ್ಲಿ ಸರ್ಗೋಧಾ ಹತ್ತಿರ, ತನ್ನದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಹಳೇ ಮಿಸ್ಟೇರ್‌ನಲ್ಲಿ ಕೂತು ಹೊಡೆದ ಕೊಡಗಿನ ಪೈಲಟ್ ಅವರು. ಅವರಿಗೆ ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ, ಅದೂ ಮರಣೋತ್ತರವಾಗಿ. ಚಿಕ್ಕಂದಿನಲ್ಲಿ ಕೇಳಿದ ಆ ಕಥೆ ಬಾವನ ತಲೆಯಿಂದ ಇಳಿದೇ ಇಲ್ಲ.

ನಾನು ಇಪ್ಪತ್ತು ವರ್ಷ ವಾಯುಪಡೆಯಲ್ಲಿ ಇನ್‌ಸ್ಟ್ರುಮೆಂಟ್ ಫಿಟ್ಟರ್ ಆಗಿದ್ದವನು. ಈಗ ಗೋಣಿಕೊಪ್ಪದಲ್ಲಿ ಪಂಪ್ ಪ್ಯಾನೆಲ್, ಮೋಟಾರ್ ರಿಪೇರಿ ಮಾಡಿಕೊಂಡಿದ್ದೇನೆ. ವಿಮಾನದ ವೈರಿಂಗ್ ನಾನು ಮಾಡಿದ್ದಲ್ಲ. ತೋಟದ ಪಂಪು, ಜೀಪು, ಮನೆ ಲೈಟು ಎಲ್ಲ ನೋಡಿಕೊಳ್ಳುವ ಒಬ್ಬ ಹುಡುಗ ಇದ್ದಾನೆ. ಬಾವ ಪುಸ್ತಕ ನೋಡಿ ಹೇಳಿದರು, ಅವನು ಎಳೆದ. ಅವನ ಕೆಲಸ ಅಚ್ಚುಕಟ್ಟು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಮುಂದೆ ಓದುವಾಗ ತಪ್ಪೆಲ್ಲ ಅವನದೇ ಅಂತ ಅನ್ನಿಸಬಹುದು.

ಇಂಜಿನ್ ರೋಟಾಕ್ಸ್ 912 ಯುಎಲ್‌ಎಸ್. ನಾಲ್ಕು ಸಿಲಿಂಡರ್, 1352 ಸಿಸಿ, 5800 ಆರ್‌ಪಿಎಂನಲ್ಲಿ 100 ಕುದುರೆ ಶಕ್ತಿ. ಪೆಟ್ರೋಲನ್ನು ಗಾಳಿಯ ಜೊತೆ ಬೆರೆಸಿ ಕೊಡುವ ಕಾರ್ಬ್ಯುರೇಟರ್ ಎರಡು ಇವೆ. ಒಂದರಿಂದ 1 ಮತ್ತು 3ನೇ ಸಿಲಿಂಡರಿಗೆ, ಇನ್ನೊಂದರಿಂದ 2 ಮತ್ತು 4ಕ್ಕೆ. ಇದನ್ನು ನೆನಪಿಟ್ಟುಕೊಳ್ಳಿ. ಪ್ಯಾನೆಲ್‌ನಲ್ಲಿ ಹಳೇ ಕಾಲದ ಗಡಿಯಾರದಂಥ ಮೀಟರುಗಳಿಲ್ಲ, ಇಂಜಿನ್ ಮಾನಿಟರ್ ಅನ್ನುವ ಒಂದೇ ಪರದೆ. ನಾಲ್ಕು ಸಿಲಿಂಡರಿನ ಹೊಗೆಯ ಶಾಖ, ಅಂದರೆ ಇಜಿಟಿ. ಸಿಲಿಂಡರ್ ಹೆಡ್ಡಿನ ಶಾಖ, ಅಂದರೆ ಸಿಎಚ್‌ಟಿ. ಆಯಿಲಿನ ಶಾಖ, ಆಯಿಲ್ ಪ್ರೆಶರ್, ಆರ್‌ಪಿಎಂ, ವೋಲ್ಟೇಜ್. ಎಲ್ಲ ಅದರಲ್ಲೇ ಕಾಣುತ್ತದೆ.

ವಿಮಾನ ಇನ್ನೂ ಹಾರಿಲ್ಲ. ಹಾರಿಸೋಕೆ ಬೇಕಾದ ಕಾಗದಪತ್ರದ ಕಥೆಯೇ ಬೇರೆ, ಅದು ಇಲ್ಲಿ ಬೇಡ. ಈಗ ನಡೆಯುತ್ತಿದ್ದದ್ದು ನೆಲದ ಮೇಲಿನ ಪರೀಕ್ಷೆ. ಕಾಫಿ ಒಣಗಿಸುವ ಕಣದಲ್ಲಿ ಬಾಲವನ್ನು ಸಿಲ್ವರ್ ಓಕ್ ಮರಕ್ಕೆ ಕಟ್ಟಿ, ಚಕ್ರಕ್ಕೆ ಅಡ್ಡ ಕೊಟ್ಟು ಇಂಜಿನ್ ಓಡಿಸುವುದು. ಅದಕ್ಕೂ ಗಡುವು ಇತ್ತು. ಪುತ್ತರಿ ಹಬ್ಬದ ಹೊತ್ತಿಗೆ ಕಣ ಖಾಲಿ ಆಗಬೇಕು, ಹಣ್ಣು ಕುಯ್ಲು ಶುರುವಾದರೆ ಅಲ್ಲಿ ಕಾಫಿ ಬಿಟ್ಟು ಬೇರೆ ಏನಕ್ಕೂ ಜಾಗ ಇಲ್ಲ ಅಂತ ಅಕ್ಕ ಖಡಾಖಂಡಿತವಾಗಿ ಹೇಳಿದ್ದಳು.

ಮಳೆ ಪುಸ್ತಕದ ಹಿಂದಿನ ಪುಟಗಳು

ಬೆಳಿಗ್ಗೆ ಹೋದವನು ಇಂಜಿನ್ ಮುಟ್ಟಲಿಲ್ಲ. ಬಾವ ಬರೆದಿಟ್ಟದ್ದನ್ನು ಕೇಳಿದೆ. ನಮ್ಮಲ್ಲಿ ತೋಟದವರು ದಿನಾ ಮಳೆ ಎಷ್ಟು ಇಂಚು ಬಿತ್ತು ಅಂತ ಬರೆದಿಡುತ್ತಾರಲ್ವಾ, ಅದೇ ಪುಸ್ತಕದ ಹಿಂಬದಿಯಲ್ಲಿ ಇಂಜಿನ್ ಲೆಕ್ಕ ಇತ್ತು. ಚಂದವಾಗಿ ಬರೆದಿದ್ದರು. ಇಡೀ ಪ್ರಕರಣ ಬಿಡಿಸಿಕೊಂಡದ್ದೇ ಆ ಪುಟಗಳಿಂದ.

ಮೊದಲ ದಿನ, 4000 ಆರ್‌ಪಿಎಂ, ಮೇಲಿನ ಹೊದಿಕೆ ಅಂದರೆ ಕೌಲಿಂಗ್ ಹಾಕಿದೆ. ಮೂರನೇ ಸಿಲಿಂಡರಿನ ಇಜಿಟಿ 705 ಡಿಗ್ರಿ. ಉಳಿದವು 770ರಿಂದ 785.

ಹೊಗೆ ತಣ್ಣಗಿದ್ದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ಅಂತ ಬಾವ ಲೆಕ್ಕ ಹಾಕಿದರು. ಕೌಲಿಂಗ್ ತೆಗೆದು ಸ್ಪಾರ್ಕ್ ಪ್ಲಗ್ ಬದಲಿಸಿದರು. ಹಾಗೇ ಓಡಿಸಿ ನೋಡಿದರು: 770. ಪಕ್ಕದಲ್ಲಿ ಪೆನ್ನಿನಲ್ಲಿ ದೊಡ್ಡದಾಗಿ "ಸರಿಯಾಯ್ತು" ಅಂತ ಬರೆದಿದ್ದಾರೆ. ಮರುದಿನ ಕೌಲಿಂಗ್ ಹಾಕಿ ಓಡಿಸಿದರೆ ಮತ್ತೆ 700.

ಇನ್ನೊಂದು ಸಲ ಕೌಲಿಂಗ್ ತೆಗೆದು ಎರಡು ಕಾರ್ಬ್ಯುರೇಟರ್ ಸಮ ಮಾಡಿದರು. ಸರಿಹೋಯಿತು. ಮುಚ್ಚಿದರು, ಹಾಳಾಯಿತು. ಆಗ ಬಾವನಿಗೆ ಒಂದು ಸಿದ್ಧಾಂತ ಹೊಳೆಯಿತು. ಕೌಲಿಂಗ್ ಮುಚ್ಚಿದಾಗ ಆ ಬದಿಯ ಕಾರ್ಬ್ಯುರೇಟರಿಗೆ ಗಾಳಿ ಸಾಲುತ್ತಿಲ್ಲ ಅನ್ನುವುದು. ಕೇಳೋಕೆ ಚೆನ್ನಾಗೇ ಇದೆ. ಅದಕ್ಕೆ ಆ ಬದಿಯ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಸೂಜಿ, ಅಂದರೆ ನೀಡಲ್‌ನ ಕ್ಲಿಪ್ ಒಂದು ಕಚ್ಚು ಮೇಲೆ ಹಾಕಿದರು. ನೀಡಲ್ ಕೆಳಗಿಳಿಯುತ್ತದೆ, ಪೆಟ್ರೋಲ್ ಕಮ್ಮಿಯಾಗುತ್ತದೆ. ಈ ಸಲ ಕೌಲಿಂಗ್ ಹಾಕಿಯೂ ಮೂರನೆಯದು 745. "ಅರ್ಧ ಗೆದ್ದೆ" ಅಂತ ಬರೆದಿದ್ದಾರೆ.

ನನ್ನ ಎದೆ ಧಸಕ್ಕೆಂದದ್ದು ಅದರ ಕೆಳಗಿನ ಸಾಲು ಓದಿದಾಗ. ಒಂದನೇ ಸಿಲಿಂಡರ್ 820.

ಒಂದೂ ಮೂರೂ ಒಂದೇ ಕಾರ್ಬ್ಯುರೇಟರಿನ ಮಕ್ಕಳು. ಪೆಟ್ರೋಲ್ ಕಮ್ಮಿ ಮಾಡಿದರೆ ಇಬ್ಬರಿಗೂ ಕಮ್ಮಿ. ಮೂರರದ್ದು ಏರಿದಷ್ಟೇ ಒಂದರದ್ದೂ ಏರಿದೆ. ಅಂದರೆ ಕಾರ್ಬ್ಯುರೇಟರ್ ಹೇಳಿದ ಮಾತು ಕೇಳುತ್ತಿದೆ, ಅದರಲ್ಲಿ ದೋಷ ಇಲ್ಲ. ಈ ಇಂಜಿನ್ನಿಗೆ ಇಜಿಟಿ ಮಿತಿ 880. ಇನ್ನೊಂದು ಕಚ್ಚು ಏರಿಸಿದ್ದರೆ ಸುಮ್ನೆ ಕೂತಿದ್ದ ಒಂದನೇ ಸಿಲಿಂಡರನ್ನು ಆ ಮಿತಿಯ ಹತ್ತಿರಕ್ಕೆ ತಳ್ಳಿದ ಹಾಗೆ ಆಗುತ್ತಿತ್ತು. ಆರೋಗ್ಯವಾಗಿದ್ದವನಿಗೆ ಪಕ್ಕದ ಮನೆಯವನ ಔಷಧಿ ಕುಡಿಸಿದ ಹಾಗೆ.

ಕೊನೆಯ ಪುಟ ಹಿಂದಿನ ಸಂಜೆಯದ್ದು. ಕತ್ತಲಾಗುತ್ತಿತ್ತು ಅಂತ ಲ್ಯಾಂಡಿಂಗ್ ಲೈಟು, ಸ್ಟ್ರೋಬು ಅನ್ನುವ ಮಿನುಗುವ ದೀಪ, ಇಂಧನ ಪಂಪು ಎಲ್ಲ ಹಾಕಿ ಓಡಿಸಿದ್ದಾರೆ. ಆಯಿಲ್ ಪ್ರೆಶರ್ 4.1 ಬಾರ್ ಇದ್ದದ್ದು 2.9. ಆಯಿಲ್ ಶಾಖ 92ರಿಂದ 99. ಹೆಡ್ಡಿನ ಶಾಖ 96ರಿಂದ 104. ಇಂಜಿನ್ ಆಫ್. ಆಮೇಲೆ ನನಗೆ ಫೋನ್.

ಮೊದಲು ಆಯಿಲ್ ವಿಷಯ

ಪ್ರೆಶರ್ ಬಿದ್ದು ಶಾಖ ಏರುವುದು ಅಂದರೆ ಯಾವ ಮೆಕ್ಯಾನಿಕ್ಕಿಗೂ ಭಯ ಆಗುವ ಜೋಡಿ. ಬಾವ ತಕ್ಷಣ ನಿಲ್ಲಿಸಿದ್ದು ಸರಿಯೇ. ನಾನು ಒಂದೇ ಪ್ರಶ್ನೆ ಕೇಳಿದೆ.

"ಲೈಟ್ ಹಾಕಿದ ಮೇಲೆ ಎಷ್ಟು ಹೊತ್ತಿಗೆ ಶಾಖ ಏರಿತು, ಬಾವ?"

"ಎಷ್ಟು ಹೊತ್ತು ಏನು, ಸ್ವಿಚ್ ಒತ್ತಿದ ಕೂಡ್ಲೇ."

ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಮೂರು ಲೀಟರ್ ಆಯಿಲ್ ಕಣ್ಣು ಮಿಟುಕಿಸುವಷ್ಟರಲ್ಲಿ ಏಳು ಡಿಗ್ರಿ ಬಿಸಿ ಆಗೋಕೆ ಸಾಧ್ಯವೇ ಇಲ್ಲ. ಸ್ವಿಚ್ಚಿನ ಜೊತೆ ಜಿಗಿಯುವುದು ಕರೆಂಟ್ ಮಾತ್ರ.

ಆಯಿಲ್ ಪ್ರೆಶರ್, ಆಯಿಲ್ ಶಾಖ, ಹೆಡ್ಡಿನ ಶಾಖ, ಈ ಮೂರೂ ಸೆನ್ಸರ್ ಕೆಲಸ ಮಾಡುವ ರೀತಿ ಒಂದೇ. ಒಳಗೆ ಒಂದು ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅಡ್ಡಿ ಇದೆ, ಅದರ ಅಳತೆ ಓಮ್. ಇಲ್ಲಿನ ಪ್ರೆಶರ್ ಸೆನ್ಸರಿನಲ್ಲಿ, ಅಂದರೆ ಸೆಂಡರಿನಲ್ಲಿ, ಪ್ರೆಶರ್ ಇಲ್ಲದಾಗ 10 ಓಮ್, ಪೂರ್ತಿ ಇದ್ದಾಗ ಸುಮಾರು 180. ಶಾಖದ ಸೆನ್ಸರುಗಳು ಉಲ್ಟಾ, ಬಿಸಿಯಾದಷ್ಟೂ ಓಮ್ ಕಮ್ಮಿ. ಮಾನಿಟರ್ ಸಣ್ಣ ಕರೆಂಟ್ ಕಳಿಸಿ, ಸೆನ್ಸರಿನ ಮೇಲೆ ಎಷ್ಟು ವೋಲ್ಟ್ ನಿಂತಿದೆ ಅಂತ ನೋಡುತ್ತದೆ. ಸೆನ್ಸರಿಗೆ ತಂತಿ ಒಂದೇ. ವಾಪಸ್ ದಾರಿ ಇಂಜಿನ್ನಿನ ಮೈ, ಅಂದರೆ ಬಾಡಿ ಅರ್ತ್. ಮಾನಿಟರ್ ಅಳೆಯುವುದು ಮಾತ್ರ ತನ್ನ ಸ್ವಂತ ಅರ್ತ್ ತಂತಿಯಿಂದ. ಈ ಎರಡು ಅರ್ತ್ ಒಂದೇ ಮಟ್ಟದಲ್ಲಿ ಇದ್ದರೆ ಸರಿ. ಇಲ್ಲದಿದ್ದರೆ?

ಬಾವನಿಗೆ ಹೇಳಿದ ಹಾಗೇ ಇಲ್ಲೂ ಹೇಳುತ್ತೇನೆ. ತೋಟದ ಕೆರೆಯಲ್ಲಿ ನೀರು ಎಷ್ಟಿದೆ ಅಂತ ನೋಡೋಕೆ ಗುರುತು ಹಾಕಿದ ಕೋಲು ನೆಟ್ಟಿರುತ್ತೀವಿ. ಯಾರೋ ಕೋಲನ್ನೇ ನಾಲ್ಕು ಇಂಚು ಮೇಲೆ ಎತ್ತಿದರೆ ನೀರು ಇಳಿದ ಹಾಗೆ ಕಾಣುತ್ತದೆ. ನೀರು ಎಲ್ಲೂ ಹೋಗಿಲ್ಲ.

ಮಲ್ಟಿಮೀಟರಿನ ಒಂದು ಕಡ್ಡಿ ಇಂಜಿನ್ ಬ್ಲಾಕಿಗೆ, ಇನ್ನೊಂದು ಮಾನಿಟರಿನ ಅರ್ತ್ ಪಿನ್ನಿಗೆ ಇಟ್ಟೆ. ಲೈಟ್ ಇಲ್ಲದಾಗ 40 ಮಿಲಿವೋಲ್ಟ್. ಲೈಟು, ಸ್ಟ್ರೋಬು, ಪಂಪು ಹಾಕಿದರೆ 190. ಜಿಗಿತ 150.

ಪ್ಯಾನೆಲ್ ಹಿಂದೆ ಬಗ್ಗಿ ನೋಡಿದೆ. ಹುಡುಗ ಎಲ್ಲ ಅರ್ತನ್ನೂ ತಂತಿ ಬಿಗಿಯುವ ಲೋಹದ ಒಂದು ಲಗ್‌ಗೆ ಸೇರಿಸಿ, ಅಲ್ಲಿಂದ 2.5 ಚದರ ಮಿಲಿಮೀಟರಿನ ಒಂದೇ ತಂತಿಯನ್ನು ಎರಡು ಮೀಟರ್ ದೂರದ ಬ್ಯಾಟರಿ ನೆಗೆಟಿವ್‌ಗೆ ಎಳೆದಿದ್ದ. ಜೀಪಿನಲ್ಲಿ, ಮನೆಯಲ್ಲಿ ಇದು ಒಳ್ಳೆಯ ಕೆಲಸ. ಆ ತಂತಿ ಎರಡು ಮೀಟರಿಗೆ ಸುಮಾರು 15 ಮಿಲಿಓಮ್, ಲಗ್ಗಿನಲ್ಲಿ ಇನ್ನೊಂದು ನಾಲ್ಕು. ಲೈಟು, ಪಂಪು, ಸ್ಟ್ರೋಬು ಸೇರಿ 8 ಆಂಪಿಯರ್. ಗುಣಿಸಿ ನೋಡಿ, 150 ಮಿಲಿವೋಲ್ಟ್ ಅಲ್ಲೇ ಇದೆ. ಬಲ್ಬಿಗೆ ಈ 150 ಮಿಲಿವೋಲ್ಟ್ ಯಾವ ಲೆಕ್ಕಕ್ಕೂ ಇಲ್ಲ. ಆದರೆ ಪ್ರೆಶರ್ ಸೆಂಡರಿನ ಮೇಲೆ ನಿಲ್ಲುವುದೇ ಮುಕ್ಕಾಲು ವೋಲ್ಟಿಗಿಂತ ಕಮ್ಮಿ. ಅದರಲ್ಲಿ 150 ಹೋದರೆ ಓಮ್ ಇಳಿದ ಹಾಗೆ ಕಾಣುತ್ತದೆ. ಓಮ್ ಇಳಿದರೆ ಪ್ರೆಶರ್ ಬಿದ್ದಂತೆ, ಶಾಖ ಏರಿದಂತೆ. ಎರಡೂ ಒಂದೇ ಸುಳ್ಳಿನ ಎರಡು ಮುಖ.

ರಿಪೇರಿ ಕಷ್ಟ ಇರಲಿಲ್ಲ. ಇಂಜಿನ್ನಿಗೂ ಕ್ಯಾಬಿನ್ನಿಗೂ ನಡುವೆ ಇರುವ ಸ್ಟೀಲ್ ಗೋಡೆಯಲ್ಲಿ, ಅಂದರೆ ಫೈರ್‌ವಾಲ್‌ನಲ್ಲಿ, ಒಂದು ಹಿತ್ತಾಳೆ ಬೋಲ್ಟ್ ಆಚೆ ಈಚೆ ಹಾಯಿಸಿದೆವು. ಆಚೆ ಬದಿಯಿಂದ ಇಂಜಿನ್ ಬ್ಲಾಕಿಗೆ ದಪ್ಪ ಜಡೆ ತಂತಿ. ಬ್ಯಾಟರಿ ನೆಗೆಟಿವ್ ಅದೇ ಬೋಲ್ಟಿಗೆ. ಈಚೆ ಬದಿಗೆ ಮಾನಿಟರಿನ ಅರ್ತ್ ಒಂದು ಪ್ರತ್ಯೇಕ ತಂತಿಯಾಗಿ, ಲೈಟಿನದ್ದು ಇನ್ನೊಂದಾಗಿ, ಪಂಪಿನದ್ದು ಮತ್ತೊಂದಾಗಿ ಬಂದು ಸೇರಬೇಕು. ದಾರಿಯಲ್ಲಿ ಎಲ್ಲೂ ಕೂಡಬಾರದು. ಈಗ ಲೈಟಿನ ತಂತಿಯಲ್ಲಿ ಎಷ್ಟು ವೋಲ್ಟ್ ಬಿದ್ದರೂ ಮಾನಿಟರಿನ ಕೋಲು ಅಲುಗುವುದಿಲ್ಲ. ಮತ್ತೆ ಅಳೆದರೆ ಎಲ್ಲ ಸ್ವಿಚ್ ಹಾಕಿದಾಗಲೂ 3 ಮಿಲಿವೋಲ್ಟ್.

ಅದೇ ಕೈಯಲ್ಲಿ ಮನೆ ವೈರಿಂಗಿನ ಪಿವಿಸಿ ತಂತಿಯನ್ನೂ ತೆಗೆಸಿದೆ. ಪಿವಿಸಿ ಸುಟ್ಟರೆ ಬರುವ ಹೊಗೆಯಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತದೆ. ಮನೆಯಾದರೆ ಹೊರಗೆ ಓಡಬಹುದು, ಎರಡು ಸೀಟಿನ ವಿಮಾನದಲ್ಲಿ ಎಲ್ಲಿಗೆ ಓಡುವುದು? 150 ಡಿಗ್ರಿ ತಡೆಯುವ ಟೆಫ್‌ಜೆಲ್ ತಂತಿಗೆ ದುಡ್ಡು ಜಾಸ್ತಿ. ಬಾವ ಗೊಣಗಿದರು, ಆದರೂ ತರಿಸಿದರು.

ಈಗ ಮೂರನೇ ಸಿಲಿಂಡರ್

ಇಲ್ಲಿ ಮೊದಲು ಎಡವಿದ್ದು ನಾನೇ.

ಇಜಿಟಿ ಅಳೆಯುವುದು ಥರ್ಮೋಕಪಲ್. ಎರಡು ಬೇರೆ ಬೇರೆ ಲೋಹದ ತಂತಿಗಳ ತುದಿ ಸೇರಿಸಿ ಬಿಸಿ ಮಾಡಿದರೆ ಇನ್ನೊಂದು ತುದಿಯಲ್ಲಿ ಸಣ್ಣ ವೋಲ್ಟೇಜ್ ಹುಟ್ಟುತ್ತದೆ. 1821ರಲ್ಲಿ ಸೀಬೆಕ್ ಕಂಡ ವಿದ್ಯಮಾನ ಇದು. ಇಜಿಟಿಗೆ ಬಳಸುವುದು ಕೆ ಟೈಪ್. ಕ್ರೋಮೆಲ್ ಪ್ಲಸ್, ಅಲ್ಯುಮೆಲ್ ಮೈನಸ್. ಒಂದು ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್. ಹೊಗೆ ಕೊಳವೆಯೊಳಗೆ ಕೂರುವ ಅದರ ಕಡ್ಡಿ, ಅಂದರೆ ಪ್ರೋಬ್, 780 ಡಿಗ್ರಿಯಲ್ಲಿ ಕೆಂಪಗೆ ಕಾದಿದ್ದರೂ ಮಾನಿಟರಿಗೆ ತಲುಪುವುದು ಬರೀ 32 ಮಿಲಿವೋಲ್ಟ್.

ಮೂರನೇ ಪ್ರೋಬನ್ನು ನಾಲ್ಕರ ತೂತಿಗೆ, ನಾಲ್ಕರದ್ದನ್ನು ಮೂರಕ್ಕೆ ಹಾಕಿ, ಕೌಲಿಂಗ್ ಮುಚ್ಚಿ ಓಡಿಸಿದೆ. ತಂತಿ ಮುಟ್ಟಲಿಲ್ಲ. ಪರದೆಯಲ್ಲಿ ಮೂರನೆಯದೇ ಕಮ್ಮಿ, ಅದು ಈಗ ಅಳೆಯುತ್ತಿರುವುದು ನಾಲ್ಕನೇ ಸಿಲಿಂಡರನ್ನಾದರೂ. ಇಂಜಿನ್ ನಿರಪರಾಧಿ. ಬಾವ ಉಸಿರು ಬಿಟ್ಟರು. ಹಾಗಾದರೆ ಪ್ರೋಬೇ ಕೆಟ್ಟಿದೆ ಅಂತ ನಾನು ಅದನ್ನು ಬಿಚ್ಚಿ, ಅಕ್ಕನ ಹತ್ತಿರ ಒಂದು ಪಾತ್ರೆ ಕುದಿಯುವ ನೀರು ತರಿಸಿ ಅದ್ದಿದೆ. ಪರದೆ 97 ತೋರಿಸಿತು.

"ನೂರು ಬರ್ಬೇಕಲ್ವಾ?" ಅಂದ ಹುಡುಗ. ಬರಬಾರದು. ನಾವಿರುವುದು ಸುಮಾರು 850 ಮೀಟರ್ ಎತ್ತರದಲ್ಲಿ. ಇಲ್ಲಿ ನೀರು 97ರ ಆಸುಪಾಸಿನಲ್ಲೇ ಕುದಿಯುತ್ತದೆ. ಅಂದರೆ ಪ್ರೋಬು, ತಂತಿ, ಮಾನಿಟರ್ ಎಲ್ಲ ಸರಿ ಅಂತ ಆಯಿತು. ನಾನು ಹಾಗೇ ಘೋಷಣೆಯನ್ನೂ ಮಾಡಿಬಿಟ್ಟೆ. ಇಪ್ಪತ್ತು ವರ್ಷದ ಅನುಭವ ಬೇರೆ!

ಊಟ ಮಾಡುತ್ತ ಮಳೆ ಪುಸ್ತಕ ಮತ್ತೆ ತಿರುವಿದೆ. ಮುಚ್ಚಿದರೆ ಕಮ್ಮಿ, ತೆಗೆದರೆ ಸರಿ. ಕೌಲಿಂಗ್ ಮುಚ್ಚಿದಾಗ ಬದಲಾಗುವುದು ಏನು? ಬಾವ ಗಾಳಿ ಅಂದುಕೊಂಡರು. ನಾನು ಯೋಚಿಸಬೇಕಿದ್ದದ್ದು ಬಿಸಿಯ ಬಗ್ಗೆ. ತೆರೆದಿದ್ದಾಗ ಪ್ರೊಪೆಲ್ಲರ್ ಗಾಳಿ ಎಲ್ಲವನ್ನೂ ತಣ್ಣಗಿಡುತ್ತದೆ. ಮುಚ್ಚಿದರೆ ಒಳಗಿನ ತಂತಿ, ಜಾಯಿಂಟ್ ಎಲ್ಲ ಬೇಯುತ್ತವೆ. ಜಾಯಿಂಟ್!

"ಮೂರನೇ ತಂತಿಯಲ್ಲಿ ಜಾಯಿಂಟ್ ಇದ್ಯೇನೋ?"

ಹುಡುಗ ತಲೆ ಕೆರೆದುಕೊಂಡ. "ಹೌದಣ್ಣ. ಮಳೆಗಾಲದಲ್ಲಿ ಇಲಿ ಕಡಿದಿತ್ತು. ನಡುವೆ ಬೇರೆ ತುಂಡು ಹಾಕಿದ್ದೀನಿ. ತಾಮ್ರ ಅಲ್ಲ, ಸಾರ್ ಕೆ ಟೈಪೇ ತರಿಸಿಕೊಟ್ಟಿದ್ರು."

ಕಾಫಿ ಗೋದಾಮು ಅಂದ ಮೇಲೆ ಇಲಿ ಇದ್ದದ್ದೇ. ಒಂದು ಜಾಯಿಂಟ್ ಇಂಜಿನ್ ಪಕ್ಕ, ಇನ್ನೊಂದು ಪ್ಯಾನೆಲ್ ಹಿಂದೆ. ಎರಡಕ್ಕೂ ನೀಟಾಗಿ ಸ್ಲೀವ್ ಹಾಕಿದ್ದ. ಪ್ರೋಬ್ ಮತ್ತೆ ಕುದಿಯುವ ನೀರಿಗೆ. ಅಕ್ಕನ ಮಗಳ ಹೇರ್ ಡ್ರೈಯರ್ ತಂದು ಇಂಜಿನ್ ಪಕ್ಕದ ಜಾಯಿಂಟಿಗೆ ಹಿಡಿದೆ. ನೀರು ಕುದಿಯುತ್ತಲೇ ಇದೆ, ಪರದೆಯಲ್ಲಿ ಅಂಕಿ ಇಳಿಯುತ್ತಿದೆ. 97, 85, 70, 57.

ಬಿಸಿ ಮಾಡಿದರೆ ಇಳಿಯುವುದು! ಬಾವ ಜೋರಾಗಿ ನಕ್ಕುಬಿಟ್ಟರು.

ನನ್ನ ಮಲ್ಟಿಮೀಟರಿನ ಶಾಖದ ಕಡ್ಡಿಯನ್ನು ಜಾಯಿಂಟಿಗೆ ಕಟ್ಟಿ ಲೆಕ್ಕ ಮಾಡಿದೆ. ಜಾಯಿಂಟ್ 20 ಡಿಗ್ರಿ ಏರಿದರೆ ಪರದೆ 40 ಇಳಿಯುತ್ತದೆ. ಸರಿಯಾಗಿ ಎರಡು ಪಟ್ಟು. ಈ ಎರಡು ಪಟ್ಟು ಅನ್ನುವುದೇ ಕಳ್ಳನ ಹೆಜ್ಜೆ ಗುರುತು. ನಡುವಿನ ತುಂಡು ತಾಮ್ರ ಆಗಿದ್ದರೆ ತಪ್ಪು ಒಂದು ಪಟ್ಟು ಇರುತ್ತಿತ್ತು, ಯಾಕಂದ್ರೆ ತಾಮ್ರದ ಎರಡು ತಂತಿಗಳ ನಡುವೆ ಏನೂ ಹುಟ್ಟುವುದಿಲ್ಲ, ಬಿಸಿ ಜಾಯಿಂಟಿನಿಂದ ಪ್ಯಾನೆಲ್ ತನಕದ ಪಾಲು ಅಷ್ಟೇ ಕಳೆದುಹೋಗುತ್ತದೆ. ಎರಡು ಪಟ್ಟು ಅಂದರೆ ಆ ಪಾಲು ಕಳೆದದ್ದಲ್ಲ, ಉಲ್ಟಾ ಸೇರಿದೆ. ನಡುವಿನ ತುಂಡು ಎರಡೂ ತುದಿಯಲ್ಲಿ ತಿರುಗುಮುರುಗಾಗಿದೆ. ಒಂದು ತುದಿಯಲ್ಲಿ ಮಾತ್ರ ತಿರುಗಿದ್ದರೆ ಇಂಜಿನ್ ಬಿಸಿಯಾದಷ್ಟೂ ಅಂಕಿ ಸೊನ್ನೆಗಿಂತ ಕೆಳಗೆ ಹೋಗುತ್ತಿತ್ತು, ಆ ದಿನವೇ ಸಿಕ್ಕಿಬೀಳುತ್ತಿತ್ತು. ಎರಡೂ ಕಡೆ ತಿರುಗಿದ್ದರಿಂದ ಪ್ಲಸ್ ಮೈನಸ್ ಮೇಲ್ನೋಟಕ್ಕೆ ಸರಿ. ಕೌಲಿಂಗ್ ಒಳಗೆ ಜಾಯಿಂಟ್ 65, ಪ್ಯಾನೆಲ್ ಹಿಂದೆ 28 ಇದ್ದರೆ ವ್ಯತ್ಯಾಸ 37, ತಪ್ಪು 74. ಬಾವನ ಪುಸ್ತಕದಲ್ಲಿ ಕಾಣೆಯಾಗಿದ್ದ ಡಿಗ್ರಿ ಅಷ್ಟೇ. ನನ್ನ ನೀರಿನ ಪರೀಕ್ಷೆ ಪಾಸಾದದ್ದೂ ಇದಕ್ಕೇ. ಗೋದಾಮಿನಲ್ಲಿ ಎರಡೂ ಜಾಯಿಂಟ್ ಒಂದೇ ಶಾಖದಲ್ಲಿದ್ದವು, ತಪ್ಪು ಹುಟ್ಟೋಕೆ ಅವಕಾಶವೇ ಇರಲಿಲ್ಲ.

ಸ್ಲೀವ್ ಕೊಯ್ದು ನೋಡಿದೆವು. ಪ್ರೋಬಿನ ತಂತಿ ಹಳದಿ ಮತ್ತು ಕೆಂಪು. ಹೊಸ ತುಂಡು ಹಸಿರು ಮತ್ತು ಬಿಳಿ. ಹುಡುಗ ಕೆಂಪನ್ನು ಹಸಿರಿಗೆ ಸೇರಿಸಿದ್ದ, ಎರಡೂ ತುದಿಯಲ್ಲಿ.

"ಕೆಂಪು ಪ್ಲಸ್ ಅಲ್ವಾ ಅಣ್ಣ? ಹಸಿರೂ ಪ್ಲಸ್ ಅಂತ ಕವರ್ ಮೇಲೆ ಬರೆದಿತ್ತು."

ಅವನನ್ನು ಬಯ್ಯೋಕೆ ಹೇಗೆ ಮನಸ್ಸು ಬರುತ್ತದೆ ಹೇಳಿ. ಜೀಪಿನ ಬ್ಯಾಟರಿಯಿಂದ ಮೀಟರಿನ ಕಡ್ಡಿಯವರೆಗೆ ಕೆಂಪು ಅಂದರೆ ಪ್ಲಸ್ಸೇ. ಆದರೆ ಅಮೆರಿಕದ ಪದ್ಧತಿಯಲ್ಲಿ ಥರ್ಮೋಕಪಲ್ ತಂತಿಗಳಲ್ಲಿ ಕೆಂಪು ಯಾವಾಗಲೂ ಮೈನಸ್. ಕೆ ಟೈಪಿಗೆ ಹಳದಿ ಪ್ಲಸ್. ಅಂತರರಾಷ್ಟ್ರೀಯ ಐಇಸಿ ಪದ್ಧತಿಯಲ್ಲಿ ಅದೇ ಕೆ ಟೈಪಿಗೆ ಹಸಿರು ಪ್ಲಸ್, ಬಿಳಿ ಮೈನಸ್. ಒಂದು ವಿಮಾನದಲ್ಲಿ ಎರಡು ಪದ್ಧತಿಯ ಬಣ್ಣ ಸೇರಿದರೆ ಯಾರಿಗಾದರೂ ತಲೆ ಕೆಡುತ್ತದೆ. ಇನ್ನು ಮುಂದೆ ಬಣ್ಣ ನಂಬಬೇಡ ಅಂತ ಹೇಳಿ ಒಂದು ಹಳೇ ಸ್ಪೀಕರಿನ ಅಯಸ್ಕಾಂತ ಕೊಟ್ಟೆ. ಅಲ್ಯುಮೆಲ್ ಅಯಸ್ಕಾಂತಕ್ಕೆ ಅಂಟುತ್ತದೆ, ಕ್ರೋಮೆಲ್ ಅಂಟುವುದಿಲ್ಲ. ಅಂಟಿದ್ದು ಅಂಟಿದ್ದಕ್ಕೆ, ಅಂಟದ್ದು ಅಂಟದ್ದಕ್ಕೆ. ಅವನು ಖುಷಿಯಿಂದ ಗೋದಾಮಿನಲ್ಲಿದ್ದ ಎಲ್ಲ ತಂತಿಗೂ ಹಚ್ಚಿ ನೋಡಿದ.

ಹಸಿರು ಬಿಳಿ ತುಂಡನ್ನೇ ಸರಿ ಮಾಡಿ ಬಿಡಬಹುದಿತ್ತು. ಬಿಡಲಿಲ್ಲ. ಮಾನಿಟರಿನಿಂದ ಪ್ರೋಬಿನವರೆಗೆ ಹಳದಿ ಕೆಂಪು ತಂತಿಯನ್ನೇ ಒಂದೇ ಉದ್ದಕ್ಕೆ ಎಳೆದೆವು. ಜಾಯಿಂಟ್ ಒಂದೇ, ಪ್ರೋಬಿನ ಬಾಲದ ಹತ್ತಿರ. ಫೈರ್‌ವಾಲ್ ದಾಟುವ ಕಡೆ ರಬ್ಬರ್ ಬುಷ್. ಸ್ಪಾರ್ಕ್ ತಂತಿಗಳಿಂದ ಒಂದು ಗೇಣು ದೂರ.

ಬಾವ ಕ್ಲಿಪ್ಪನ್ನು ಹಳೇ ಕಚ್ಚಿಗೆ ಇಳಿಸಿದರು. ಸಂಜೆ ಕೌಲಿಂಗ್ ಮುಚ್ಚಿ, 2000ದಲ್ಲಿ ಎರಡು ನಿಮಿಷ, ಆಮೇಲೆ 2500ರಲ್ಲಿ ಆಯಿಲ್ 50 ಡಿಗ್ರಿ ಆಗುವವರೆಗೆ ಕಾದು, 4000ಕ್ಕೆ ಏರಿಸಿದರು. ಒಂದು 774, ಎರಡು 781, ಮೂರು 777, ನಾಲ್ಕು 783. ಎಲ್ಲ ಸ್ವಿಚ್ಚೂ ಹಾಕಿದರು. ಆಯಿಲ್ 4.1, ಕದಲಲಿಲ್ಲ. ಬಾವ ಲೈಟನ್ನು ಹಾಕಿ ಆರಿಸಿ, ಹಾಕಿ ಆರಿಸಿ, ಏಳೆಂಟು ಸಲ ನೋಡಿದರು. ಕಣದ ಅಂಚಿನಲ್ಲಿ ನಿಂತಿದ್ದ ಅಕ್ಕ, "ಇನ್ನು ಸಾಕಲ್ಲ?" ಅಂದಳು.

ಎರಡು ದಿನ ಬಿಟ್ಟು ಹೋದಾಗ ಕಣದ ತುಂಬ ಹಣ್ಣು ಹರವಿತ್ತು. ವಿಮಾನ ಗೋದಾಮಿನ ಮೂಲೆಗೆ ಸೇರಿತ್ತು. ಅದರ ಹೊಟ್ಟೆಯ ಕೆಳಗೆ, ಎಡಕ್ಕೊಂದು ಬಲಕ್ಕೊಂದು, ಒಣಮೀನು ಕಟ್ಟಿದ ಇಲಿ ಬೋನು.